ಕೋಟೆಯ ನೀರಿನ ಕಾಫಿ

ಹೆಣ್ಣು ಕೇಳಲು ಹೊರಟ ಹಿರಿಯನಿಗೆ ತಲೆ ತಿನ್ನುವ ಸಂಗತಿಗಳು ನೂರೆಂಟಿರುತ್ತವೆ. ಮುದುಕ ಮಿತ್ಕಾಲನ ತಲೆಯನ್ನು ಅಂದು ಬೆಳಿಗ್ಗೆ ತಿನ್ನುತ್ತಿದ್ದುದು ಒಂದೇ ಸಂಗತಿ. ಕಾಫಿಯನ್ನು ಕುಡಿಯದೆ ಕುಡಿದಂತೆ ಕಾಣಿಸುವುದು ಹೇಗೆ? ಮನೆಯ ಹಿಂದೆ ಕೋಳಿಗೂಡಿನ ಮರೆಯಲ್ಲಿ ನಿಂತು ಖಾಲಿ ಬಟ್ಟಲೊಂದನ್ನು ಬಾಯಿಗೆ ಹಿಡಿಯುತ್ತಿದ್ದ. ಕಾಫಿಯಿದ್ದಿದ್ದರೆ ಮೀಸೆಯ ತುದಿ ಮಾತ್ರ ಒದ್ದೆಯಾಗುವಷ್ಟು ಬಾಗಿಸುತ್ತಿದ್ದ. ಆಮೇಲೆ ಗಂಟಲನ್ನು ಮೇಲೆ ಕೆಳಗೆ ಆಡಿಸಿ, ಸೊಗಸಾಗಿತ್ತು ಎಂಬಂತೆ ತಲೆದೂಗುತ್ತಿದ್ದ.

ಕೋಳಿಗಳಿಗೆ ಕಾಳು ಚೆಲ್ಲಲು ಬಂದ ಹೆಂಡತಿ ಹಸ್ನಾ ಸ್ವಲ್ಪ ಹೊತ್ತು ನಿಂತು ನೋಡಿದಳು.

"ಏನಾಗಿದೆ ನಿಮಗೆ? ಗಂಟಲಲ್ಲಿ ಮೂಳೆ ಸಿಕ್ಕಿದ್ಯಾ?" ಎಂದಳು.

ಮಿತ್ಕಾಲ್ ಬಟ್ಟಲನ್ನು ನಿಲುವಂಗಿಯ ಜೇಬಿಗೆ ತುರುಕಿ, ಇದೆಲ್ಲ ಹೆಂಗಸರಿಗೆ ಅರ್ಥವಾಗುವುದಿಲ್ಲ ಎಂದ. ಅವಳಿಗೆ ಅರ್ಥವಾಗಿತ್ತು. ಅವನ ಜೊತೆ ಒಂದು ಆಯುಷ್ಯವನ್ನೇ ಕಳೆದವಳಿಗೆ ಅವನ ಯಾವ ಗುಟ್ಟು ತಾನೇ ತಿಳಿಯದು.

ಜೋರ್ಡಾನಿನ ಕೆರಕ್ ಪಟ್ಟಣ ದಾಟಿ ಮೂಡಣಕ್ಕೆ ಹೋದರೆ ಕುರುಚಲು ಬಯಲು ಶುರುವಾಗುತ್ತದಲ್ಲ, ಆ ಸೀಮೆಯ ಕುರುಬರಲ್ಲಿ ಹೆಣ್ಣು ಕೇಳುವ ಕೆಲಸ ನಡೆಯುವುದೇ ಕಾಫಿಯ ಮೇಲೆ. ಹುಡುಗನ ಕಡೆಯ ಹಿರಿಯರು ಹೋಗಿ ಕೂರುತ್ತಾರೆ. ಹುಡುಗಿಯ ಮನೆಯವರು ಮುಖಂಡನ ಕೈಗೆ ಮೊದಲ ಬಟ್ಟಲು ಕೊಡುತ್ತಾರೆ. ಅವನು ಅದನ್ನು ತುಟಿಗೂ ಸೋಕಿಸದೆ ನೆಲದ ಮೇಲಿಟ್ಟು, ಬಂದ ಕೆಲಸ ಆಗುವವರೆಗೆ ಕುಡಿಯುವುದಿಲ್ಲ ಎನ್ನುತ್ತಾನೆ. ಕೆಲಸವೇನೆಂದು ಅವರು ಕೇಳುತ್ತಾರೆ, ಇವನು ಹೇಳುತ್ತಾನೆ. ಹುಡುಗಿಯ ತಂದೆ 'ನಿಮ್ಮ ಕಾಫಿ ಕುಡೀರಿ' ಎಂದನೋ, ಅದೇ ಒಪ್ಪಿಗೆ. ಬಟ್ಟಲೆತ್ತಿ ಕುಡಿದರೆ ಮದುವೆ ನಿಶ್ಚಯವಾದಂತೆ. ಕೇಳುವ ಮೊದಲೇ ಕುಡಿದರೆ ಕೇಳುವುದಕ್ಕೇನೂ ಇಲ್ಲವೆಂದು ಅರ್ಥ. ಅಂಥ ಪೆದ್ದು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ ಎಂದು ಮಿತ್ಕಾಲನೇ ಎಷ್ಟೋ ಸಲ ಹೇಳಿ ನಗುತ್ತಿದ್ದ. ನೆಂಟರಿಷ್ಟರ ಅರ್ಧ ಮದುವೆಗಳು ಅವನು ಕೆಳಗಿಟ್ಟ ಬಟ್ಟಲಿನಿಂದಲೇ ಆಗಿದ್ದವು. ಆ ಕೆಲಸದಲ್ಲಿ ಅವನದು ಎತ್ತಿದ ಕೈ ಎಂದು ಜನ ಹೇಳುತ್ತಿದ್ದರು.

ಬಟ್ಟಲು ಕೆಳಗಿಡುವುದರ ಬಗ್ಗೆ ಹಾಗಾಗಿ ಅವನಿಗೆ ಚಿಂತೆಯಿರಲಿಲ್ಲ. ಒಪ್ಪಿಗೆಯಾದ ಮೇಲೆ ಎತ್ತಿ ಕುಡಿಯಬೇಕಲ್ಲ, ಚಿಂತೆ ಅದರದು. ಏಕೆಂದರೆ ಆ ಕಾಫಿ ಕೋಟೆಯ ನೀರಿನಲ್ಲಿ ಕಾಯಿಸಿದ ಕಾಫಿ. ಕೋಟೆಯ ನೀರನ್ನು ಮುಟ್ಟುವುದಿಲ್ಲ ಎಂದು ಅವನು ಆಣೆ ಇಟ್ಟು ಮೂವತ್ತು ವರ್ಷಗಳ ಮೇಲಾಗಿತ್ತು.

ಆ ಕೋಟೆ ರೋಮನ್ನರದು. ಮರುಭೂಮಿಯ ಗಡಿ ಕಾಯಲು ಅವರ ಸಿಪಾಯಿಗಳು ಕಟ್ಟಿದ್ದು. ನಾಲ್ಕು ಮೂಲೆಗೆ ನಾಲ್ಕು ಬುರುಜು, ನಡುವೆ ಅಂಗಳ, ಗೋಡೆಗಂಟಿದ ಕೋಣೆಗಳ ಸಾಲು. ಸಿಪಾಯಿಗಳು ಎದ್ದು ಹೋದ ಮೇಲೆ ಕುರಿಗಳು ಬಂದವು, ಕುರಿಗಳ ಹಿಂದೆ ಮಿತ್ಕಾಲನ ಹಿರಿಯರು ಬಂದರು. ಮಳೆನೀರು ಹಿಡಿದಿಡಲು ರೋಮನ್ನರು ಅಂಗಳದ ಬಂಡೆ ಕೊರೆದು ಮಾಡಿದ ನೆಲತೊಟ್ಟಿ ಇನ್ನೂ ಗಟ್ಟಿಮುಟ್ಟಾಗಿತ್ತು. ಚಳಿಗಾಲದ ಮಳೆ ಬಿದ್ದರೆ ಬೇಸಿಗೆಯವರೆಗೆ ಆ ನೀರು ಸಾಲುತ್ತಿತ್ತು. ಮಿತ್ಕಾಲ್ ಹುಟ್ಟಿದ್ದೂ ಆ ಕೋಟೆಯಲ್ಲೇ. ಹಿಮ ಬಿದ್ದ ಒಂದು ದಿನ ಗುಡಾರ ಹಾರಿಹೋಗಿ, ಅವನ ತಾಯಿ ರೋಮನ್ನರ ಕುದುರೆಗಳು ನಿಲ್ಲುತ್ತಿದ್ದ ಕೋಣೆಗೆ ಓಡಿ ಅಲ್ಲಿ ಹೆತ್ತಿದ್ದಳು.

ಎರಡು ಮನೆತನಗಳು ಆ ತೊಟ್ಟಿಯನ್ನು ಹಂಚಿಕೊಂಡಿದ್ದವು, ಒಂದು ಮಿತ್ಕಾಲನದು, ಇನ್ನೊಂದು ದಾಯಾದಿ ಶ್ಲಾಶ್‌ನದು. ಮಳೆಗೆ ಮುಂಚೆ ಇಬ್ಬರೂ ಸೇರಿ ಹೂಳೆತ್ತುತ್ತಿದ್ದರು. ಮಳೆ ಕೈಕೊಟ್ಟ ಒಂದು ವರ್ಷ ಶ್ಲಾಶ್ ಹೆದರಿಹೋದ. ತೊಟ್ಟಿಯ ಬಾಯಿಗೆ ಕಬ್ಬಿಣದ ಮುಚ್ಚಳ ಹಾಕಿ ಬೀಗ ಜಡಿದ. ಚರ್ಮದ ಚೀಲ ಹಿಡಿದು ನೀರಿಗೆ ಹೋದ ಮಿತ್ಕಾಲನ ತಾಯಿ ಬರಿಗೈಯಲ್ಲಿ ಬಂದಳು. ಖಾಲಿ ಚೀಲವನ್ನು ಗೂಟಕ್ಕೆ ನೇತುಹಾಕಿ ಗೋಡೆಗೆ ಮುಖ ಮಾಡಿ ಕೂತಳು. ಮಿತ್ಕಾಲ್ ಅದೇ ಕಾಲಲ್ಲಿ ಕೋಟೆಯ ಬಾಗಿಲಿಗೆ ಹೋಗಿ ಕೂಗಾಡಿ ಆಣೆ ಇಟ್ಟು ಬಂದ. ಅವನ ಮನೆತನ ಕುರಿಗಳೊಂದಿಗೆ ಹೆದ್ದಾರಿಯ ಕಡೆಗೆ ಸರಿದು, ಕೊನೆಗೆ ಅಲ್ಲೇ ಸಿಮೆಂಟಿನ ಮನೆ ಕಟ್ಟಿಕೊಂಡಿತು. ತಾಯಿ ಸತ್ತಳು, ಶ್ಲಾಶ್‌ನೂ ಸತ್ತ. ಬೀಗವನ್ನು ಮರುಮಳೆಗೇ ತೆಗೆದಿದ್ದರಂತೆ. ಬನ್ನಿ ಎಂದು ಹೇಳಿಕಳಿಸಲು ಅವರಿಗೆ ಬಿಂಕ, ಕರೆಯದೆ ಹೋಗಲು ಇವನಿಗೆ ಬಿಂಕ. ಹೀಗೇ ಕಾಲ ಹೋಯಿತು.

ಇಷ್ಟು ಹಗೆಯಿದ್ದ ಮೇಲೆ ಮೊಮ್ಮಗ ದೈಫಲ್ಲಾ ಪ್ರೀತಿಸಿದ್ದು ಯಾರನ್ನು? ಅದೇ ಶ್ಲಾಶ್‌ನ ಮೊಮ್ಮಗಳು ಮುಜ್ನಾಳನ್ನು. ದೈಫಲ್ಲಾ ಗಡಿ ಕಾಯುವ ದಳದಲ್ಲಿದ್ದ. ಅವಳ ಅಣ್ಣ ತರಾದ್ ಅದೇ ತುಕಡಿಯವನು. ಕಾಲು ಮುರಿದುಕೊಂಡ ತರಾದ್‌ನನ್ನು ಮನೆಗೆ ತಲುಪಿಸಲು ಹೋದವನು ಬಾಗಿಲು ತೆರೆದ ಹುಡುಗಿಯನ್ನು ನೋಡಿದ, ಅಲ್ಲಿಗೆ ಮುಗಿಯಿತು. ಮೊದಲೆಲ್ಲ ರಜೆಗೆ ಬಂದರೆ ಬಿಸಿಲು ನೆತ್ತಿಗೇರುವವರೆಗೆ ಮಲಗುತ್ತಿದ್ದ ಹುಡುಗ ಈ ಸಲ ಮನೆಯಲ್ಲಿ ಮುರಿದದ್ದನ್ನೆಲ್ಲ ರಿಪೇರಿ ಮಾಡಿದ. ಕೆಲಸ ಸಾಲದೆ ಕೋಳಿಗೂಡಿಗೆ ಎರಡೆರಡು ಸಲ ಹಸಿರು ಬಣ್ಣ ಹೊಡೆದ.

"ಆ ಹುಡುಗೀನ ಬೇಗ ಕೇಳ್ಕೊಂಡು ಬನ್ನಿ. ಇಲ್ದಿದ್ರೆ ನನ್ನ ಕೋಳಿಗಳಿಗೂ ಬಣ್ಣ ಹೊಡೀತಾನೆ" ಎಂದು ಹಸ್ನಾ ಗಂಡನಿಗೆ ಹೇಳಿದ್ದಳು.

ನಗುನಗುತ್ತ ಹೇಳಿದ್ದರೂ ಅವಳ ಕಣ್ಣಲ್ಲಿ ನಗುವಿರಲಿಲ್ಲ. ಹಿರಿಮಗ ಹಾಯಿಲ್ ಹೆದ್ದಾರಿಯ ಅಪಘಾತದಲ್ಲಿ ಹೋದಾಗ ಬಿಟ್ಟುಹೋದದ್ದು ಈ ಒಂದು ಕೂಸನ್ನು. ಇಬ್ಬರೂ ಅದರ ಮುಖ ನೋಡಿಕೊಂಡೇ ಬದುಕಿದ್ದರು. ಈಗಲೂ ಊರು ಮುದುಕನನ್ನು ಅಬು ಹಾಯಿಲ್, ಹಾಯಿಲನ ಅಪ್ಪ, ಎಂದೇ ಕರೆಯುತ್ತಿತ್ತು. ಹಾಗೆ ಕರೆದಾಗಲೆಲ್ಲ ಅವನಿಗೆ ಒಳಗೊಳಗೇ ನೋಯುತ್ತಿತ್ತು, ಯಾರೂ ಕರೆಯದಿದ್ದರೆ ಇನ್ನೂ ಹೆಚ್ಚು ನೋಯುತ್ತಿತ್ತು. ಆ ಹುಡುಗನಿಗಾಗಿ ಮಿತ್ಕಾಲ್ ಬಿಂಕವನ್ನು ಮಡಿಚಿಟ್ಟು ಹೇಳಿಕಳಿಸಿದ. ಮುಜ್ನಾಳ ತಂದೆ ಫಾಲಿಹ್, ಬನ್ನಿ ಎಂದು ಮರುಮಾತು ಕಳಿಸಿದ. ಜೊತೆಗೊಂದು ಬಾಲ ಅಂಟಿಸಿದ್ದ. ವಸಂತ ಬಂದಿದೆ, ನಾವು ಕುರಿಗಳ ಜೊತೆ ಕೋಟೆಯಲ್ಲಿದ್ದೇವೆ, ಊರಿನ ಮನೆಗೆ ಬೇಡ, ಅಲ್ಲಿಗೇ ಬನ್ನಿ ಎಂದಿದ್ದ.

ತಮ್ಮನ ಮಗ ಸುವೈಲಿಮ್ ಇದರಲ್ಲಿ ಹುಳುಕು ಹುಡುಕಿದ. ಹುಳುಕು ಹುಡುಕುವುದು ಅವನಿಗೆ ಊಟ ತಿಂಡಿಯಿದ್ದಂತೆ.

"ಬೇಕೂಂತಲೇ ಮಾಡಿದಾರೆ ದೊಡ್ಡಪ್ಪ. ಆ ನೀರು ಕುಡಿಸಿ ನಿಮ್ಮ ಮೂಗು ಮಣ್ಣಿಗೆ ತಿಕ್ಕೋಕೆ" ಎಂದ.

ಹೌದೇನೋ ಎಂದು ಮಿತ್ಕಾಲನಿಗೂ ಅನ್ನಿಸಿತ್ತು. ಅದಕ್ಕೇ ಕೋಳಿಗೂಡಿನ ಹಿಂದೆ ಈ ನಟನೆಯ ಅಭ್ಯಾಸ. ಸಾಲದ್ದಕ್ಕೆ, ಹಸ್ನಾ ಒಳಗೆ ಹೋದದ್ದು ನೋಡಿ ಮನೆಯ ನಲ್ಲಿಯ ನೀರನ್ನು ಒಂದು ಕ್ಯಾನಿಗೆ ತುಂಬಿ ಪಿಕಪ್ಪಿನ ಹಿಂದೆ ಕಂಬಳಿಯಡಿ ಅಡಗಿಸಿಟ್ಟ. ಬಾಯಾರಿದರೆ ಅದನ್ನೇ ಕುಡಿದರಾಯಿತು, ಅವರ ಹನಿ ನೀರೂ ಬೇಡ ಎಂಬುದು ಲೆಕ್ಕಾಚಾರ.

ಎರಡು ಪಿಕಪ್ಪುಗಳಲ್ಲಿ ಹೊರಟರು. ಹುಡುಗ ಬರುವ ಪದ್ಧತಿಯಿಲ್ಲವಾದ್ದರಿಂದ ದೈಫಲ್ಲಾ ಬಾಗಿಲಲ್ಲೇ ನಿಂತು, ತಾತನ ತಲೆವಸ್ತ್ರವನ್ನು ಸರಿಮಾಡಿದ. ಆಮೇಲೆ ತಾತನ ಹೆಗಲ ಮೇಲಿಲ್ಲದ ಧೂಳನ್ನು ಕೊಡವಿದ. ಈ ಕೈಯಲ್ಲಿ ಒಪ್ಪಿಗೆ ಹಿಡಿದೇ ಬರುತ್ತೇನೆ ಎಂದು ಮಿತ್ಕಾಲ್ ಮನಸ್ಸಿನಲ್ಲೇ ಅಂದುಕೊಂಡ.

ಬಯಲಿಗೆ ಅಪರೂಪಕ್ಕೆ ಹಸಿರು ಹತ್ತಿತ್ತು. ಕಲ್ಲುಗಳ ಸಂದಿನಲ್ಲಿ ಕೆಂಪು ಹೂಗಳು ತಲೆಯೆತ್ತಿದ್ದವು. ದೂರದಲ್ಲಿ ಕೋಟೆಯ ಬುರುಜು ಕಂಡಾಗ ಮಿತ್ಕಾಲ್ ಅಭ್ಯಾಸಬಲದಿಂದ ಮುಖ ತಿರುಗಿಸಿದ. ಹೆದ್ದಾರಿಯಲ್ಲಿ ಹೋಗುವಾಗಲೆಲ್ಲ ಅವನು ಹಾಗೆಯೇ ಮಾಡುತ್ತಿದ್ದುದು. ಆಮೇಲೆ ಇವತ್ತು ಅಲ್ಲಿಗೇ ಹೋಗುತ್ತಿದ್ದೇನೆಂದು ನೆನಪಾಗಿ ನಾಚಿ, ಮೆಲ್ಲಗೆ ತಿರುಗಿ ನೋಡಿದ. ಅವನ ನೆನಪಿನಲ್ಲಿದ್ದುದಕ್ಕಿಂತ ಕೋಟೆ ಚಿಕ್ಕದಾಗಿತ್ತು. ಒಂದು ಬುರುಜಿನ ನೆತ್ತಿ ಕುಸಿದಿತ್ತು. ಉಳಿದದ್ದೆಲ್ಲ ಹಾಗೇ ಇತ್ತು, ಜೇನಿನ ಬಣ್ಣದ ಆ ಕಲ್ಲುಗಳೂ.

"ಎರಡು ಕುರಿ ಕಡಿದಿದಾರೆ ದೊಡ್ಡಪ್ಪ. ಹೊಗೆ ನೋಡಿ, ಎರಡು ಒಲೆ" ಎಂದ ಸುವೈಲಿಮ್. "ಕೊಡೋ ಮನಸ್ಸಿಲ್ದೇ ಇರೋರು ಎರಡು ಕಡಿಯಲ್ಲ."

ಬಾಗಿಲಲ್ಲಿ ಫಾಲಿಹ್ ಕಾದು ನಿಂತಿದ್ದ. ಮಿತ್ಕಾಲ್ ಕಂಡಿದ್ದ ಫಾಲಿಹ್ ಮೀಸೆ ಚಿಗುರಿದ ಹುಡುಗ. ಎದುರಿಗಿದ್ದವನಿಗೆ ಗಡ್ಡ ನರೆತಿತ್ತು, ನಿಂತ ಭಂಗಿ ಮಾತ್ರ ಶ್ಲಾಶ್‌ನದೇ. ಕೆನ್ನೆಗೆ ಕೆನ್ನೆ ತಾಗಿಸಿ, ಕುರಿ ಹೇಗಿವೆ, ಮಳೆ ಹೇಗೆ ಎಂದು ಇಬ್ಬರೂ ಕೇಳಬೇಕಾದ್ದನ್ನೆಲ್ಲ ಕೇಳಿದರು. ಬಾಗಿಲ ತಲೆಗಲ್ಲಿನ ಮೇಲೆ ರೋಮನ್ನರ ಬರಹ ಇನ್ನೂ ಇತ್ತು. ಪರದೇಶದವರು ಬಂದು ಅದರ ಮುಂದೆ ನಿಂತು ಫೋಟೊ ಹಿಡಿದುಕೊಂಡು ಹೋಗುತ್ತಾರೆ. ಮಿತ್ಕಾಲ್ ಅದರತ್ತ ನೋಡಲೂ ಇಲ್ಲ. ಅಂಗಳದಲ್ಲಿ, ಹಳೆಯ ಜಾಗದಲ್ಲೇ, ಕರಿ ಗುಡಾರ ಹಾಕಿದ್ದರು. ನೆಲತೊಟ್ಟಿಯ ಬಾಯಿಗೆ ಮುಚ್ಚಳವಿರಲಿಲ್ಲ, ಮರಿಗಳು ಬೀಳದಂತೆ ಒಂದು ಚಪ್ಪಟೆ ಕಲ್ಲನ್ನು ಎಳೆದಿದ್ದರು. ಎಡಗಡೆಯ ಮೂರನೆಯ ಕೋಣೆ ಅವನು ಹುಟ್ಟಿದ್ದು. ಬಾಗಿಲಲ್ಲಿ ಒಂದು ಕುರಿ ನಿಂತು, ನೀನ್ಯಾರು ಎನ್ನುವಂತೆ ಅವನನ್ನು ನೋಡಿತು.

ಮುಖಂಡನ ಜಾಗವೆಂದು ಅವನನ್ನು ಗುಡಾರದ ನಡುವೆ, ಕೋಟೆಯ ಬಾಗಿಲಿಗೆ ಎದುರಾಗಿ ದಿಂಬಿಟ್ಟು ಕೂರಿಸಿದರು. ಎರಡು ಕಡೆಯ ಗಂಡಸರೂ ಸುತ್ತ ಕೂತರು. ಹಿಂದಿನ ಪರದೆಯಾಚೆ ಹೆಂಗಸರ ಪಿಸುಮಾತು, ಬಳೆಗಳ ಸದ್ದು. ಕುಟ್ಟಾಣಿಯಲ್ಲಿ ಕಾಫಿಬೀಜ ಕುಟ್ಟುವ ತಾಳ ಶುರುವಾಯಿತು. ಏಲಕ್ಕಿಯ ವಾಸನೆ ಬಂತು. ಮಿತ್ಕಾಲ್ ಬೆನ್ನು ನೆಟ್ಟಗೆ ಮಾಡಿ ಮನಸ್ಸಿನಲ್ಲೇ ಇನ್ನೊಮ್ಮೆ ಪಾಠ ಒಪ್ಪಿಸಿಕೊಂಡ. ಮೀಸೆ ಮಾತ್ರ ಒದ್ದೆ. ಗಂಟಲು ಮೇಲೆ ಕೆಳಗೆ. ತಲೆದೂಗು.

ಹಾಗೆ ನೇರ ನೋಡುತ್ತಿದ್ದವನ ಕಣ್ಣಿಗೆ ಬಾಗಿಲುವಾಡದ ಒಳಮುಖ ಬಿತ್ತು. ಬಿಸಿಲು ಅಲ್ಲಿಗೇ ಬಂದಿತ್ತು. ಕಲ್ಲಿನ ಮೇಲೆ ಎರಡು ಗುರುತುಗಳು ಅಕ್ಕಪಕ್ಕ ಇದ್ದವು. ಎರಡು ನೇರ ಗೆರೆ ಶ್ಲಾಶ್‌ನ ಮನೆತನದ್ದು. ಬಾಲವಿರುವ ಉಂಗುರ ತಮ್ಮದು, ಒಂಟೆಗಳ ತೊಡೆಗೆ ಬರೆ ಹಾಕುತ್ತಿದ್ದ ಗುರುತು. ಅದನ್ನು ಅಪ್ಪ ಮೊಳೆ ಹಿಡಿದು ಕೆತ್ತುವಾಗ ಕಲ್ಲಿನ ಪುಡಿ ಊದುವ ಕೆಲಸ ಇವನದಾಗಿತ್ತು. ಇಷ್ಟು ವರ್ಷದ ಗಾಳಿ ಮರಳಿಗೆ ಅದು ಸವೆದು ಹೋಗಿರಬೇಕಿತ್ತು, ಇಲ್ಲವೇ ಹಗೆಯವರು ಅದನ್ನು ಹೊಡೆದು ಹಾಕಿರಬೇಕಿತ್ತು. ಆದರೆ ಉಂಗುರ ಅಚ್ಚುಕಟ್ಟಾಗಿತ್ತು. ಗೆರೆಯ ಒಳಗೆ ಕಲ್ಲು ಹೊಸದಾಗಿ ಬೆಳ್ಳಗಿತ್ತು. ಯಾರೋ ಈ ವಸಂತದಲ್ಲೇ ಅದನ್ನು ಮೊಳೆಯಿಂದ ಕೆರೆದು ತೀಡಿದ್ದರು.

ಯಾರು? ಯಾಕೆ? ಅಪ್ಪನ ಮೊಳೆ, ಬಾಯಿಗೆ ಅಂಟಿದ ಕಲ್ಲಿನ ಪುಡಿಯ ರುಚಿ, ಪುಡಿ ಉಗಿಯಲು ಅಮ್ಮ ಕೊಡುತ್ತಿದ್ದ ನೀರು, ಎಲ್ಲ ಒಟ್ಟಿಗೇ ನುಗ್ಗಿ ಬಂದವು. ಕಣ್ಣು ಮಂಜಾಯಿತು, ಗಂಟಲು ಒಣಗಿತು. ಆ ಹೊತ್ತಿಗೆ ಹುಡುಗಿಯ ಅಣ್ಣ ತರಾದ್ ಗಿಂಡಿ ಹಿಡಿದು, ಇನ್ನೂ ಸ್ವಲ್ಪ ಕುಂಟುತ್ತ ಬಂದು, ಬಾಗಿ, ಅವನ ಬಲಗೈಗೆ ಬಟ್ಟಲು ಕೊಟ್ಟ. ಮಿತ್ಕಾಲ್ ಕಣ್ಣನ್ನು ಕಲ್ಲಿನಿಂದ ತೆಗೆಯಲಿಲ್ಲ. ಬಟ್ಟಲನ್ನು ಬಾಯಿಗಿಟ್ಟು ಕುಡಿದ.

ಅಷ್ಟೇ ಆಗಿದ್ದರೆ ಮೈಮರೆತ ಎನ್ನಬಹುದಿತ್ತು. ಸಾಕು ಎನ್ನುವವನು ಖಾಲಿ ಬಟ್ಟಲನ್ನು ಅಲ್ಲಾಡಿಸಿ ಕೊಡುವುದು ರೂಢಿ. ಅಲ್ಲಾಡಿಸದಿದ್ದರೆ ಮತ್ತೆ ಹುಯ್ಯುತ್ತಾರೆ. ಇವನು ಅಲ್ಲಾಡಿಸದೆ ಸುಮ್ಮನೆ ಮುಂದೆ ಚಾಚಿದ. ತರಾದ್ ಪಾಪ ಏನು ಮಾಡಿಯಾನು, ಅಪ್ಪನ ಮುಖ ನೋಡಿ ಮತ್ತೆ ಹುಯ್ದ. ಮಿತ್ಕಾಲ್ ಅದನ್ನೂ ಕುಡಿದ. ಈ ಸಲ ನಾಲಗೆಗೆ ರುಚಿ ಹತ್ತಿತು. ಏಲಕ್ಕಿಯ ಕೆಳಗೆ, ಕಹಿಯ ಕೆಳಗೆ, ತಣ್ಣನೆಯ ಸುಣ್ಣದ ಕಲ್ಲಿನ ರುಚಿ. ಲೋಕದಲ್ಲಿ ಇನ್ನಾವ ನೀರಿಗೂ ಆ ರುಚಿಯಿರಲಿಲ್ಲ.

ಆಗ ಅವನಿಗೆ ಎಚ್ಚರವಾಯಿತು.

ಗುಡಾರದಲ್ಲಿ ಯಾರೂ ಉಸಿರೆತ್ತುತ್ತಿರಲಿಲ್ಲ. ಪರದೆಯಾಚೆಯ ಬಳೆಗಳೂ ನಿಂತಿದ್ದವು. ತನ್ನ ಕಡೆಯವರು ನೆಲ ನೋಡುತ್ತಿದ್ದರು, ಅವರ ಕಡೆಯವರು ಗುಡಾರದ ಚಾವಣಿ ನೋಡುತ್ತಿದ್ದರು. ಫಾಲಿಹ್ ಮಾತ್ರ ಇವನನ್ನೇ ನೋಡುತ್ತಿದ್ದ. ಕೆರಕ್‌ವರೆಗೆ ಹರಡಿದ ನೆಂಟರು ಈ ಕಥೆ ಹೇಳಿಕೊಂಡು ಹೊಟ್ಟೆ ಹಿಡಿದುಕೊಂಡು ನಗುವುದು ಮಿತ್ಕಾಲನ ಕಿವಿಗೆ ಈಗಲೇ ಕೇಳಿಸಿತು. ಆ ಪೆದ್ದು ಕೊನೆಗೂ ಹುಟ್ಟಿದ್ದ, ಅದೂ ಇದೇ ಕೋಟೆಯ ಎಡಗಡೆಯ ಮೂರನೆಯ ಕೋಣೆಯಲ್ಲಿ. ನಗುವವರು ನಕ್ಕುಕೊಳ್ಳಲಿ, ಹುಡುಗನ ಮುಖ ನೋಡುವುದು ಹೇಗೆ?

ಸುವೈಲಿಮ್ ಕೆಮ್ಮಿದ. ದೊಡ್ಡಪ್ಪನಿಗೆ ವಯಸ್ಸಾಯಿತು, ದಾರಿಯಲ್ಲಿ ಬಿಸಿಲು ಬೇರೆ ಬಡಿದಿದೆ, ಇದನ್ನು ಲೆಕ್ಕಕ್ಕಿಡಬಾರದು ಎಂದು ಶುರುಮಾಡಿದ. ಒಂದಿಬ್ಬರು ಹೌದು ಹೌದು ಎಂದು ತಲೆಯಾಡಿಸಿದರು. ಹೊರಬರಲು ಬಾಗಿಲು ಸಿಕ್ಕಿತ್ತು. ಆದರೆ ತಲೆಕೆಟ್ಟ ಮುದುಕನೆಂದು ಹೇಳಿಸಿಕೊಂಡು ಮೊಮ್ಮಗನಿಗೆ ಹೆಣ್ಣು ತರುವುದು ಮಿತ್ಕಾಲನಿಗೆ ಸರಿಬರಲಿಲ್ಲ.

"ಸುಮ್ನಿರು ಸುವೈಲಿಮ್. ನನ್ನ ತಲೆ ನೆಟ್ಟಗಿದೆ" ಎಂದು ಫಾಲಿಹನ ಕಡೆ ತಿರುಗಿದ. "ಬಾಯಾರಿತ್ತು, ಕುಡಿದೆ. ನಿಮ್ಮ ಕಾಫಿ ಚೆನ್ನಾಗಿತ್ತು ಅಬು ತರಾದ್. ನಿಮ್ಮ ಹಕ್ಕು ನಿಮ್ಮದು. ನಾವು ಏನೂ ಕೇಳಲಿಲ್ಲ, ನೀವು ಇಲ್ಲ ಅನ್ನಲಿಲ್ಲ. ನಾವಿನ್ನು ಹೊರಡ್ತೀವಿ."

ಎದ್ದು ನಿಂತ. ಎಲ್ಲ ಕೆಟ್ಟುಹೋದ ಮೇಲೆ ಇನ್ನೇನು ನಾಚಿಕೆ ಎಂದು, ಮನಸ್ಸಿನಲ್ಲಿದ್ದುದನ್ನು ಕೇಳಿಯೇಬಿಟ್ಟ.

"ಒಂದು ಮಾತು. ಬಾಗಿಲಲ್ಲಿರೋ ನಮ್ಮ ಗುರುತನ್ನ ಕೆರೆದಿರೋದು ಯಾರು?"

ಫಾಲಿಹ್ ಗಡ್ಡ ನೀವಿಕೊಂಡ.

"ಮುಜ್ನಾ. ಚಿಕ್ಕವಳಿದ್ದಾಗಿಂದ ಪ್ರತಿ ವಸಂತದಲ್ಲೂ ಇಲ್ಲಿಗೆ ಬಂದ ಮೊದಲ ದಿನ ಮೊಳೆ ತಗೊಂಡು ಕೂತ್ಕೋತಾಳೆ" ಎಂದ. "ಎರಡೂ ನಮ್ಮವೇ ಅಂದ್ಕೊಂಡಿದ್ಲು. ಅಲ್ಲ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ, ಅಬು ಹಾಯಿಲ್."

ಮಿತ್ಕಾಲ್ ತಲೆವಸ್ತ್ರದ ತುದಿಯಿಂದ ಮುಖ ಒರೆಸಿಕೊಂಡ. ಆಗ ಪರದೆಯಾಚೆಯಿಂದ ಒಣಗಿದ, ಒಡಕು, ಆದರೆ ಅಪ್ಪಣೆ ಕೊಟ್ಟು ಪಳಗಿದ ದನಿ ಬಂತು.

"ಮಿತ್ಕಾಲ್, ಕೂತ್ಕೊಳೋ."

ಅಬು ಹಾಯಿಲ್ ಎನ್ನದೆ ಬರಿ ಹೆಸರು ಹಿಡಿದು ಅವನನ್ನು ಕರೆಯುವವರು ಭೂಮಿಯ ಮೇಲೆ ಒಬ್ಬರೇ ಉಳಿದಿದ್ದರು. ಶ್ಲಾಶ್‌ನ ವಿಧವೆ, ಫಾಲಿಹನ ತಾಯಿ ತರ್ಫಾ. ಹಿಮ ಬಿದ್ದ ಆ ದಿನ ಕುದುರೆಕೋಣೆಯಲ್ಲಿ ದೀಪ ಹಿಡಿದು ನಿಂತಿದ್ದ ಹುಡುಗಿ ಅವಳು. ಮಿತ್ಕಾಲನ ಕಾಲುಗಳು ಅವನನ್ನು ಕೇಳದೆ ಮಡಿಚಿಕೊಂಡವು.

"ಆಣೆ ಮುರಿದುಹೋಯ್ತಲ್ಲಾ ಅಂತ ಕೊರಗ್ತಿದ್ಯಾ?" ಎಂದಳು ಮುದುಕಿ ಪರದೆಯ ಹಿಂದಿನಿಂದ. "ಅವತ್ತು ಬಾಗಿಲಲ್ಲಿ ನಿಂತು ನೀನು ಅಂದಿದ್ದು ಪೂರ್ತಿ ನೆನಪಿದ್ಯಾ ನಿನಗೆ?"

"ಈ ನೀರು ಮುಟ್ಟಲ್ಲ ಅಂದೆ, ತರ್ಫಕ್ಕ."

"ಅರ್ಧ ಹೇಳಿದೆ. ಶ್ಲಾಶ್‌ನ ಮನೆಯೋರು ಕೈಯಾರೆ ತಂದು ಕೊಡೋವರೆಗೂ ಮುಟ್ಟಲ್ಲ ಅಂದೆ. ನಾನು ಇದೇ ಜಾಗದಲ್ಲಿ ಕೂತು ಕೇಳಿಸ್ಕೊಂಡೆ. ಇವತ್ತು ಕೊಟ್ಟಿದ್ಯಾರು? ಶ್ಲಾಶ್‌ನ ಮೊಮ್ಮಗ. ಕುಂಟು ಕಾಲಲ್ಲಿ ಬಂದು, ಬಾಗಿ ಕೊಟ್ಟ. ಊರಿನ ಮನೆಗೆ ಬರಬೇಡ, ಇಲ್ಲಿಗೆ ಬಾ ಅಂತ ನಾನು ಹಟ ಹಿಡಿದಿದ್ದು ಯಾಕೆ ಅಂದ್ಕೊಂಡೆ? ನಲ್ಲಿ ನೀರಲ್ಲಿ ಆ ಆಣೆ ತೀರುತ್ತಾ?"

ಕೋಪದಲ್ಲಿ ಆಡಿದವನು ಅರ್ಧ ಮಾತನ್ನು ಮಾತ್ರ ಹೊತ್ತು ತಿರುಗಿದ್ದ. ಕೇಳಿಸಿಕೊಂಡವಳು ಉಳಿದರ್ಧವನ್ನು ಇಷ್ಟು ವರ್ಷ ಜೋಪಾನ ಮಾಡಿದ್ದಳು. ಮಿತ್ಕಾಲ್ ಸುವೈಲಿಮ್‌ನತ್ತ ಒಮ್ಮೆ ನೋಡಿದ. ಹುಳುಕು ಹುಡುಕುವವನು ಈಗ ತನ್ನ ಚಪ್ಪಲಿಯ ಉಂಗುಷ್ಠ ಪರೀಕ್ಷಿಸುತ್ತಿದ್ದ.

"ಆಣೆ ತೀರಿತು ತರ್ಫಕ್ಕ. ಆದ್ರೆ ನಾನು ಬಂದ ಕೆಲಸ ಹೋಯ್ತು. ಕೇಳೋಕೆ ಮುಂಚೆ ಕುಡಿದೋನು ಯಾವ ಬಾಯಲ್ಲಿ ಕೇಳ್ಲಿ?"

"ಅದು ಗಂಡಸರ ವಿಚಾರ. ಗಂಡಸರೇ ಏನಾದ್ರೂ ಮಾಡ್ಕೊಳ್ಳಿ" ಎಂದಳು ತರ್ಫಾ. "ಬೇಗ ಮಾಡ್ಕೊಳ್ಳಿ. ಇಲ್ಲೊಬ್ಬಳು ಚಿವುಟಿ ಚಿವುಟಿ ನನ್ನ ತೋಳು ಹಣ್ಣು ಮಾಡಿದಾಳೆ."

ಪರದೆಯಾಚೆ ಯಾರೋ ಮುಖ ಮುಚ್ಚಿಕೊಂಡು ನಕ್ಕ ಸದ್ದಾಯಿತು. ಗಂಡಸರು ಯಾರೂ ನಗಲಿಲ್ಲ. ಹಿರಿಯರು ಹಾಕಿದ ಪದ್ಧತಿಯನ್ನು ನಗುವಿನಲ್ಲಿ ದಾಟುವ ಹಾಗಿರಲಿಲ್ಲ. ಎಲ್ಲರೂ ಫಾಲಿಹನ ಕಡೆ ನೋಡಿದರು. ಅವನು ಬಾಗಿಲಿನ ಆ ಎರಡು ಗುರುತುಗಳನ್ನು ನೋಡುತ್ತ ಕೂತಿದ್ದ.

ಆಮೇಲೆ ಮಗನಿಗೆ ಕೈಸನ್ನೆ ಮಾಡಿದ. ತರಾದ್ ಬಂದು ಅಪ್ಪನ ಬಟ್ಟಲಿಗೆ ಕಾಫಿ ಹುಯ್ದ. ಫಾಲಿಹ್ ಬಟ್ಟಲನ್ನು ತುಟಿಯ ಹತ್ತಿರಕ್ಕೂ ಒಯ್ಯಲಿಲ್ಲ. ಮುಂದೆ ಬಾಗಿ ಅದನ್ನು ಮಿತ್ಕಾಲನ ಎದುರು ನೆಲದ ಮೇಲಿಟ್ಟ.

ಎರಡೂ ಕಡೆಯವರ ಕತ್ತುಗಳು ಒಟ್ಟಿಗೇ ಉದ್ದವಾದವು. ಹೆಣ್ಣಿನ ತಂದೆ ಬಟ್ಟಲು ಕೆಳಗಿಟ್ಟದ್ದನ್ನು ಅಲ್ಲಿದ್ದ ಯಾರೂ ಕಂಡಿರಲಿಲ್ಲ, ಕೇಳಿಯೂ ಇರಲಿಲ್ಲ. ಇಲ್ಲಿ ಏನು ಹೇಳಬೇಕೆಂದು ಮಿತ್ಕಾಲನಷ್ಟು ಚೆನ್ನಾಗಿ ಬಲ್ಲವರು ಯಾರಿದ್ದರು. ಆದರೆ ಆ ಮಾತು ಯಾವಾಗಲೂ ಎದುರು ಕೂತವನದು, ಇವನದಲ್ಲ.

"ನಿಮ್ಮ ಕಾಫಿ ಕುಡೀರಿ, ಅಬು ತರಾದ್" ಎಂದ ಮಿತ್ಕಾಲ್.

"ನಾನು ಕೇಳೋದು ಸಿಗದೆ ಕುಡಿಯಲ್ಲ."

"ಕೇಳಿ."

"ಹಾಯಿಲ್‌ನ ಮಗ ದೈಫಲ್ಲಾನನ್ನ ನಮ್ಮ ಮುಜ್ನಾಗೆ ಕೇಳ್ತಿದೀನಿ" ಎಂದ ಫಾಲಿಹ್. ನೆಲತೊಟ್ಟಿಯ ಕಡೆ ಕೈ ತೋರಿಸಿದ. "ಇನ್ನೊಂದು. ಮಳೆಗೆ ಮುಂಚೆ ನಿಮ್ಮ ಮನೆ ಗಂಡಸರೆಲ್ಲ ಇಲ್ಲಿಗೆ ಬರಬೇಕು. ಆ ತೊಟ್ಟಿ ಹೂಳು ನಮ್ಮೊಬ್ಬರ ಕೈಲಿ ಎತ್ತೋಕಾಗ್ತಿಲ್ಲ. ಯಾವತ್ತೂ ಆಗಿರಲಿಲ್ಲ."

ಮಿತ್ಕಾಲ್ ಕೂಡಲೇ ಉತ್ತರ ಕೊಡಲಿಲ್ಲ. ಕಾಯಿಸುವುದು ಕೊಡುವವನ ಹಕ್ಕು, ಅದನ್ನು ಜೀವಮಾನದಲ್ಲಿ ಮೊದಲ ಸಲ ಅನುಭವಿಸುತ್ತಿದ್ದ. ಬಟ್ಟಲಿನ ಮೇಲಿನ ಹಬೆ ಕಡಿಮೆಯಾಯಿತು. ಮನೆಯಲ್ಲಿ ಈಗ ಹುಡುಗ ಏನು ಮಾಡುತ್ತಿರಬಹುದು? ಕೋಳಿಗೂಡಿಗೆ ಮೂರನೆಯ ಸಲ ಬಣ್ಣ ಹೊಡೆಯುತ್ತಿರಬಹುದು.

"ಹುಡುಗನಿಗೆ ಬೆಳಿಗ್ಗೆ ಏಳೋ ಅಭ್ಯಾಸ ಇಲ್ಲ" ಎಂದ ಕೊನೆಗೆ, ಮುಖ ಗಂಭೀರವಾಗಿಯೇ ಇಟ್ಟುಕೊಂಡು. "ಮೊದಲೇ ಹೇಳಿರ್ತೀನಿ."

"ನಮ್ಮ ಹುಡುಗಿ ಎಬ್ಬಿಸ್ತಾಳೆ."

"ಹಂಗಾದ್ರೆ ಆರಿಹೋಗೋಕೆ ಮುಂಚೆ ನಿಮ್ಮ ಕಾಫಿ ಕುಡೀರಿ, ಅಬು ತರಾದ್. ನೀವು ಕೇಳಿದ್ದು ಎರಡೂ ಕೊಟ್ಟೆ."

ಫಾಲಿಹ್ ಬಟ್ಟಲೆತ್ತಿ ಒಂದೇ ಗುಟುಕಿಗೆ ಕುಡಿದ. ಪರದೆಯಾಚೆಯಿಂದ ಹೆಂಗಸರ ನಾಲಗೆಯ ಮಂಗಳಧ್ವನಿ ಎದ್ದು ರೋಮನ್ನರ ನಾಲ್ಕು ಗೋಡೆಗಳಿಗೂ ಬಡಿಯಿತು. ಬುರುಜಿನ ಪಾರಿವಾಳಗಳು ಹಾರಿದವು. ಸುವೈಲಿಮ್ ಎಲ್ಲರಿಗಿಂತ ಮೊದಲು ಎದ್ದು ಕೈಹಿಡಿದು ಅಭಿನಂದಿಸಿ, ಹೀಗೇ ಆಗುತ್ತದೆಂದು ತನಗೆ ಮೊದಲೇ ಗೊತ್ತಿತ್ತು ಎಂದ. ಮೊಸರಲ್ಲಿ ಬೆಂದ ಕುರಿಮಾಂಸ, ಅನ್ನದ ದೊಡ್ಡ ತಟ್ಟೆಗಳು ಬಂದವು. ಮಿತ್ಕಾಲ್ ಊಟದ ನಡುವೆ ಮೂರು ಲೋಟ ನೀರು ಕೇಳಿ ಕುಡಿದ. ಎಲ್ಲರೂ ಕಂಡರು.

ಹೊರಡುವ ಹೊತ್ತಿಗೆ ಅವನು ಪಿಕಪ್ಪಿನ ಹಿಂದಕ್ಕೆ ಹೋಗಿ ಕಂಬಳಿಯಡಿಯ ಕ್ಯಾನನ್ನು ಎಳೆದ. ಕದ್ದುಮುಚ್ಚಿ ತಂದ ನಲ್ಲಿಯ ನೀರನ್ನು ಕುರಿಗಳ ಬಾನಿಗೆ ಸುರಿದ. ಅವನನ್ನು ಬೆಳಿಗ್ಗೆ ದುರುಗುಟ್ಟಿ ನೋಡಿದ್ದ ಕುರಿಯೇ ಮೊದಲು ಬಂದು ಬಾಯಿ ಹಾಕಿತು. ಖಾಲಿ ಕ್ಯಾನು ಹಿಡಿದು ಅವನು ನೆಲತೊಟ್ಟಿಯ ಹತ್ತಿರ ಹೋದಾಗ ಫಾಲಿಹ್ ಚಪ್ಪಟೆ ಕಲ್ಲನ್ನು ಸರಿಸಿ, ತಾನೇ ಬಕೆಟ್ಟು ಇಳಿಸಿ ಸೇದಿದ. ಮನೆಯವರಿಗೆ ರುಚಿ ತೋರಿಸೋಕಾ ಎಂದು ಕೇಳಿದ.

"ಹಸ್ನಾಗೆ ಒಂದು ಲೋಟ" ಎಂದ ಮಿತ್ಕಾಲ್. "ಉಳಿದಿದ್ದು ಅಮ್ಮನ ಸಮಾಧಿಗೆ. ಅವತ್ತು ಅವಳು ಬರಿಗೈಲಿ ಬಂದಿದ್ಲು."

ಫಾಲಿಹ್ ಮತ್ತೊಮ್ಮೆ ಬಕೆಟ್ಟು ಇಳಿಸಿದ, ಕ್ಯಾನು ಕಂಠದವರೆಗೆ ತುಂಬುವವರೆಗೂ ಸೇದಿದ. ಮುಚ್ಚಳ ಬಿಗಿದು, ಎರಡೂ ಕೈಯಲ್ಲಿ ಎತ್ತಿ ಮಿತ್ಕಾಲನಿಗೆ ಕೊಟ್ಟ. ಮಿತ್ಕಾಲ್ ಅದನ್ನು ಪಿಕಪ್ಪಿನ ಹಿಂದೆ ಇಡಲಿಲ್ಲ. ಮುಂದಿನ ಸೀಟಿನಲ್ಲಿ ಕೂತು, ಮಗುವನ್ನು ಕೂರಿಸಿಕೊಂಡ ಹಾಗೆ ತೊಡೆಯ ಮೇಲಿಟ್ಟುಕೊಂಡ. ಹಳ್ಳ ಬಂದ ಕಡೆಯೆಲ್ಲ ನಿಧಾನ ಹೋಗೆಂದು ಸುವೈಲಿಮ್‌ಗೆ ಹೇಳುತ್ತ ಮನೆಯವರೆಗೂ ಅದನ್ನು ಹಿಡಿದುಕೊಂಡೇ ಕೂತಿದ್ದ.